ಎತ್ತರದ ತೆಂಗು, ಗಿಡ್ಡ ತೆಂಗು, ಸಂಕರ: ಗಂಗಾವತಿ ಬಿಸಿಲಿಗೆ ಯಾವುದು?

ನಮ್ಮ ಗಂಗಾವತಿ ಕಡೆ ಹೊಸದಾಗಿ ತೆಂಗು ಹಾಕುವವರೆಲ್ಲ ಮೊದಲು ಕೇಳುವುದು ಗಿಡ್ಡ ತಳಿಯನ್ನೇ. ಬೇಗ ಕಾಯಿ ಬಿಡುತ್ತೆ ಅಲ್ವಾ ಅಂತ. ನಮ್ಮ ಹೊಲದಲ್ಲಿ ಮೂರು ಬಗೆಯೂ ಇವೆ: ತಿಪಟೂರು ಕಡೆಯ ಎತ್ತರದ ತಳಿ, ಚೌಘಾಟ್ ಕಿತ್ತಳೆ ಗಿಡ್ಡ, ಮತ್ತು ಇದೇ ಕಿತ್ತಳೆ ಗಿಡ್ಡವನ್ನು ಪಶ್ಚಿಮ ಕರಾವಳಿಯ ಎತ್ತರದ ತಳಿ ಜೊತೆ ಕೂಡಿಸಿ ಮಾಡಿದ ಚಂದ್ರಸಂಕರ. ಒಂದೇ ಮಣ್ಣು, ಒಂದೇ ಬೋರಿನ ನೀರು.

ಎಳನೀರಿಗೆ ಕಿತ್ತಳೆ ಗಿಡ್ಡವನ್ನು ಮೀರಿಸುವುದು ಇಲ್ಲ. ಮೂರು-ನಾಲ್ಕು ವರ್ಷಕ್ಕೆ ಹೊಂಬಾಳೆ ಬಿಡುತ್ತದೆ. ನೀರು ತುಂಬಾ ಸಿಹಿ. ನೆಲದ ಮೇಲೆ ನಿಂತೇ ಗೊನೆ ಕೊಯ್ಯಬಹುದು. ಮರ ಏರುವವರು ಸಿಗದ ಈ ಕಾಲದಲ್ಲಿ ಅದೇ ದೊಡ್ಡ ಲಾಭ. ಅಂಜನಾದ್ರಿ, ಹಂಪಿ ದಾರಿಯಲ್ಲಿ ಆ ಬಣ್ಣ ನೋಡಿಯೇ ಜನ ಗಾಡಿ ನಿಲ್ಲಿಸುತ್ತಾರೆ.

ಆದರೆ ಏಪ್ರಿಲ್ ಬರಲಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ್, ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ಬಿಸಿಗಾಳಿ. ಆಗ ಗಿಡ್ಡದ ಗರಿ ಜೋತು ಬೀಳುತ್ತವೆ, ಹರಳು, ಅಂದರೆ ಎಳೆ ಮಿಡಿಕಾಯಿ, ಉದುರುತ್ತವೆ. ಹೂ ಕಾಯಾಗಿ ಬಲಿಯಲು ಸುಮಾರು 12 ತಿಂಗಳು ಬೇಕು. ಹಾಗಾಗಿ ಈ ಬೇಸಿಗೆಯ ಹೊಡೆತ ಮುಂದಿನ ವರ್ಷದ ಗೊನೆಯಲ್ಲೂ ಕಾಣುತ್ತದೆ. ಕೆಂಪು ಮೂತಿ ಹುಳುವಿನ ಕಾಟವೂ ನಮ್ಮಲ್ಲಿ ಗಿಡ್ಡಕ್ಕೇ ಜಾಸ್ತಿ. ಹಸಿ ಗರಿ ಕಡಿದ ಗಾಯದ ವಾಸನೆಗೆ ಅದು ಬರುತ್ತದೆ, ಆದ್ದರಿಂದ ಸುಮ್ನೆ ಗರಿ ಕಡಿಯಬಾರದು. ಕೊಬ್ಬರಿಗಂತೂ ಇದು ಬೇಡವೇ ಬೇಡ. ತೆಳ್ಳಗೆ, ರಬ್ಬರಿನಂತೆ ಬರುತ್ತದೆ.

ಎತ್ತರದ ತಳಿಯ ಫಲಕ್ಕೆ ಕಾಯಬೇಕು. ಆರೇಳು ವರ್ಷ ಬೇಕು. ಆದರೆ ಅದರ ಬುಡ ನೋಡಿ, ಎಷ್ಟು ದಪ್ಪ! ಗಿಡ್ಡಕ್ಕೆ ಆ ಬುಡವೇ ಇಲ್ಲ. ಗಾಳಿಗೂ ಬರಕ್ಕೂ ಎತ್ತರದ್ದೇ ತಡೆಯುತ್ತದೆ. 60 ವರ್ಷ ದಾಟಿದರೂ ಕಾಯಿ ಕೊಡುತ್ತದೆ. ದಪ್ಪ ಕೊಬ್ಬರಿ, ಎಣ್ಣೆ, ಹಗ್ಗಕ್ಕೆ ನಾರು, ಪೊರಕೆಗೆ ಕಡ್ಡಿ ಎಲ್ಲವೂ ಸಿಗುತ್ತದೆ. ಹುಲಿಗಿಯಲ್ಲಿ ಹುಣ್ಣಿಮೆಗೆ ಹುಲಿಗೆಮ್ಮನಿಗೆ ಒಡೆಸಲು ಜನ ಕೇಳುವುದೂ ಜುಟ್ಟಿರುವ ಇಂಥ ದಪ್ಪ ಕಾಯಿಯನ್ನೇ.

ಸಂಕರ ನಡುವಿನದು. ನಾಲ್ಕೈದು ವರ್ಷಕ್ಕೆ ಶುರು. ನೀರು, ಗೊಬ್ಬರ ಸರಿಯಾಗಿ ಕೊಟ್ಟರೆ ಕಾಯಿ ಉಳಿದೆರಡು ತಳಿಗಿಂತ ಜಾಸ್ತಿ, ಕೊಬ್ಬರಿಯೂ ಚೆನ್ನ. ಕೊಡದಿದ್ದರೆ ಅದೂ ಬೇಗ ಮುನಿಯುತ್ತದೆ. ಡ್ರಿಪ್ ಇಲ್ಲದವರಿಗೆ ನಾನು ಹೇಳುವುದಿಲ್ಲ.

ಮೂರಕ್ಕೂ ಆಗದ್ದು ನಿಂತ ನೀರು. ಭತ್ತದ ಗದ್ದೆ ಪಕ್ಕದ ಎರೆ ಭೂಮಿಯಲ್ಲಿ ಬಸಿಗಾಲುವೆ ತೆಗೆಯದೆ ಗುಣಿ ತೋಡಬೇಡಿ. ಸುಳಿ ಕೊರೆಯುವ ದುಂಬಿಯೂ ಮೂರನ್ನೂ ಬಿಡುವುದಿಲ್ಲ. ಅದು ಮರಿ ಮಾಡುವುದು ತಿಪ್ಪೆಯಲ್ಲಿ, ಹಾಗಾಗಿ ತಿಪ್ಪೆ ತೋಟದಿಂದ ದೂರ ಇರಲಿ. ಸುಳಿ ಪಕ್ಕದ ಗರಿ ಸಂದಿಗೆ ಬೇವಿನ ಹಿಂಡಿ, ಮರಳು ಬೆರೆಸಿ ತುಂಬಿ. ಬುಡದ ಸುತ್ತ ಸಿಪ್ಪೆಯನ್ನು ಬೋರಲು ಹಾಕದೆ ಒಳಮೈ ಮೇಲೆ ಬರುವಂತೆ ಹೂತರೆ ತೇವ ಬಹಳ ದಿನ ನಿಲ್ಲುತ್ತದೆ.

ಈಗ ಯಾರಾದರೂ ಕೇಳಿದರೆ ಹೊಲದ ತುಂಬ ಎತ್ತರದ್ದೇ ಹಾಕಿ ಅನ್ನುತ್ತೇನೆ, ಗಿಡಕ್ಕೆ ಗಿಡ 25ರಿಂದ 30 ಅಡಿ ಬಿಟ್ಟು. ಗಿಡ್ಡ ನಾಲ್ಕಾರು ಸಾಕು, ಮನೆ ಹತ್ತಿರ, ಕೈಗೆ ನೀರು ಸಿಗುವಲ್ಲಿ. ಆನೆಗೊಂದಿ, ಸಾಣಾಪುರದಲ್ಲಿ ವಿಜಯನಗರ ಕಾಲದ ಕಾಲುವೆ ಕೆಳಗೆ ಹೊಲ ಇದ್ದವರ ಮಾತು ಬೇರೆ, ಅವರು ಗಿಡ್ಡವನ್ನೂ ಧೈರ್ಯವಾಗಿ ಹಾಕಬಹುದು. ಇನ್ನೊಂದು, ಸಂಕರದ ಕಾಯಿಯನ್ನು ಬೀಜಕ್ಕೆ ಇಡಬೇಡಿ. ಅದರ ಸಸಿಗಳು ಒಂದರಂತೆ ಒಂದು ಬರುವುದಿಲ್ಲ. ಪ್ರತಿ ಸಲ ನಂಬಿಕೆಯ ನರ್ಸರಿಯಿಂದಲೇ ತರಬೇಕು.