‘ಟ್ರೀಟ್ ಮಾಡಿದ ಬಿದಿರು’ ಅಂದರೆ ನಂಬಬೇಡಿ, ಕೊಯ್ದು ನೋಡಿ

ನಾಚಿಕೆಯೂ ಆಗುತ್ತಿದೆ, ಸಿಟ್ಟೂ ಬರುತ್ತಿದೆ. ಆದರೂ ಬರೆಯುತ್ತೇನೆ.

ಶಿವಮೊಗ್ಗದ ನಮ್ಮ ಮನೆಯ ತಾರಸಿ ಮೇಲೆ ಬಿದಿರಿನ ರೂಮು ಮಾಡಿಸಿದೆವು. 2,40,000 ರೂಪಾಯಿ. ಮಾಡಿಕೊಟ್ಟವನು "ಅಕ್ಕ, ಬೊರಾಕ್ಸ್, ಬೋರಿಕ್ ಆ್ಯಸಿಡ್ ನೀರಲ್ಲಿ 10 ದಿನ ಮುಳುಗಿಸಿದ ಮಾಲು. ಹುಳ ಹತ್ತಿರವೂ ಬರಲ್ಲ" ಅಂದ. ಅಡ್ವಾನ್ಸ್ ಕೈಗೆ ಸೇರುವ ತನಕ ದಿನಕ್ಕೆರಡು ಸಲ ಫೋನು.

ಮಾಲು ಬಂದಿದ್ದು ಶ್ರಾವಣದಲ್ಲಿ. ಬಿದಿರು ಇನ್ನೂ ಹಸಿರು. ಅಮ್ಮ ತೀರ್ಥಹಳ್ಳಿ ಕಡೆಯವಳು. ನೋಡಿದ ತಕ್ಷಣ "ಮಳೆಗಾಲದಲ್ಲಿ ಯಾರಾದ್ರೂ ಬಿದಿರು ಕಡೀತಾರಾ? ಹೊಳೆಯಲ್ಲಾದ್ರೂ ನೆನೆ ಹಾಕಿದ್ರಾ ಕೇಳು" ಅಂದಳು. "ಈಗೆಲ್ಲ ಕೆಮಿಕಲ್ ಇದೆ ಅಮ್ಮ, ಸುಮ್ನಿರು" ಅಂದೆ. ಅಂದಿದ್ದು ನಾನೇ!

ದೀಪಾವಳಿ ಹೊತ್ತಿಗೆ ಹಾಸಿಗೆ ಮೇಲೆ ಜರಡಿ ಹಿಡಿದ ಕಡ್ಲೆಹಿಟ್ಟಿನ ಹಾಗೆ ಪುಡಿ. ಗುಡಿಸಿದೆ. ಮರುದಿನ ಅದೇ ಜಾಗದಲ್ಲಿ ಅಷ್ಟೇ ಪುಡಿ. ತಲೆ ಎತ್ತಿ ನೋಡಿದರೆ ಬಿದಿರಿನ ತುಂಬ ಗುಂಡುಸೂಜಿ ತಲೆಯಷ್ಟು ತೂತು. ಕುಟ್ಟೆ ಹುಳ. ರಾತ್ರಿ ಲೈಟ್ ಆರಿಸಿದರೆ ಕರ್ ಕರ್ ಅಂತ ಸದ್ದು.

ಫೋಟೋ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಆಮೇಲೆ "ಮೇಡಂ" ಆದೆ. "ಮೇಡಂ, ನ್ಯಾಚುರಲ್ ಮೆಟೀರಿಯಲ್ ಅಲ್ವಾ, ಸ್ವಲ್ಪ ಪುಡಿ ಬರುತ್ತೆ." ಆಮೇಲೆ "ಬೊರಾಕ್ಸ್ ಮಳೆಗೆ ತೊಳೆದು ಹೋಗಿರುತ್ತೆ." ಬೊರಾಕ್ಸ್ ನೀರಿಗೆ ತೊಳೆದು ಹೋಗೋದು ನಿಜ. ಆದರೆ ಹುಳ ಬಿದ್ದಿರೋದು ರೂಮಿನ ಒಳಗಿನ ತೊಲೆಗೆ ಮಾರಾಯಾ, ಅಲ್ಲಿ ಎಲ್ಲಿಯ ಮಳೆ? ಕೊನೆಗೆ ಬಂದ ಉತ್ತರ ನೋಡಿ: "ಹುಳ ನಿಮ್ಮ ಅಕ್ಕಿ ಮೂಟೆಯಿಂದ ಬಂದಿರಬೇಕು."

ಅಕ್ಕಿ ಮೂಟೆ!

ಅವತ್ತೇ ಉಳಿದಿದ್ದ ಗಳವನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿಸಿದೆ. ಬಿದಿರಿನ ಹೊರಸಿಪ್ಪೆ ನೀರು ಕುಡಿಯಲ್ಲ. ಔಷಧಿ ಒಳಗೆ ಹೋಗಬೇಕಾದರೆ ಗೆಣ್ಣಿನ ಒಳಗಿರುವ ತಡೆಗಳನ್ನೆಲ್ಲ ಕಂಬಿಯಿಂದ ತೂತು ಹೊಡೆದು ಮುಳುಗಿಸಬೇಕು. ನನ್ನ ಗಳದಲ್ಲಿ ಒಂದೂ ತೂತಿರಲಿಲ್ಲ. ಒಂದೂ! ಪ್ರತಿ ಗೆಣ್ಣಿನ ತಡೆಯೂ ಡೋಲಿನ ಚರ್ಮದ ಹಾಗೆ ಗಟ್ಟಿಯಾಗಿತ್ತು. ಮೇಲೆ ಬರೀ ವಾರ್ನಿಶ್ ಬಳಿದಿದ್ದ, ಅಷ್ಟೇ. ಒಳಗಿನ ಪಿಷ್ಟ ಹುಳಕ್ಕೆ ಹಬ್ಬದೂಟ. ಅಂಗಳದಲ್ಲಿ ಆ ಸೀಳು ಹಿಡಿದು ನಿಂತಿದ್ದೆ. ಅಮ್ಮ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದಳು. ಬೈದಿದ್ದರೇ ವಾಸಿ ಇತ್ತು.

ಬಿಲ್ ತೆಗೆದು ನೋಡಿದರೆ "ಬಿದಿರು ಕೆಲಸ" ಅಂತ ಎರಡೇ ಪದ. ಟ್ರೀಟ್‌ಮೆಂಟ್ ಸುದ್ದಿಯೇ ಇಲ್ಲ.

ಬಿದಿರಿನ ಮೇಲೆ ನನಗೆ ಸಿಟ್ಟಿಲ್ಲ. ಬಲಿತ ಬಿದಿರನ್ನು ಮಳೆಗಾಲ ಮುಗಿದ ಮೇಲೆ ಕಡಿದು, ಸರಿಯಾಗಿ ಔಷಧಿ ಕುಡಿಸಿದರೆ ವರ್ಷಾನುಗಟ್ಟಲೆ ಬಾಳುತ್ತೆ. ನೀವು ಮಾಡಿಸೋದಾದರೆ ಮುಳುಗಿಸುವ ತೊಟ್ಟಿ ಕಣ್ಣಾರೆ ನೋಡಿ. ಒಂದು ಗಳ ನಿಮ್ಮೆದುರೇ ಸೀಳಿಸಿ. ಯಾವ ಔಷಧಿ, ಎಷ್ಟು ದಿನ ಅಂತ ಬಿಲ್‌ನಲ್ಲಿ ಬರೆಸಿ. ಬರೆಯಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ನಯವಾದ ಮಾತಿಗೆ ನನ್ನ ಹಾಗೆ ಕರಗಬೇಡಿ.

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂದರೆ, ಅವನು ಹೊಸ ಗಿರಾಕಿಗಳಿಗೆ ಈಗಲೂ ನನ್ನ ರೂಮಿನ ಫೋಟೋವನ್ನೇ ತೋರಿಸುತ್ತಿದ್ದಾನೆ. ಹೋದ ವಾರ ಒಬ್ಬರು ಫೋನ್ ಮಾಡಿ "ತುಂಬಾ ಚೆನ್ನಾಗಿದೆಯಂತೆ, ಬಂದು ನೋಡಬಹುದಾ?" ಅಂತ ಕೇಳಿದರು. ಬನ್ನಿ ಅಂದೆ. ಅವರು ಬರುವ ತನಕ ಗುಡಿಸಲಿಲ್ಲ.