ಕುಕ್ಕರ್ ಕೂಗಿನ ನಡುವೆ ಐದು ಆಲ್ಬಮ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆ ರೈಲು ಹಳಿಗೆ ಎಷ್ಟು ಹತ್ತಿರವೆಂದರೆ, ಫಾಸ್ಟ್ ಲೋಕಲ್ ಹಾದುಹೋಗುವಾಗ ಅಮ್ಮ ಫೋನಿನಲ್ಲಿ ಮಾತು ನಿಲ್ಲಿಸುತ್ತಾಳೆ. ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾಳೆ. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ಮನೆಯೊಳಗಿನ ಸದ್ದುಗಳೆಲ್ಲ ಒಮ್ಮೆಲೇ ದೊಡ್ಡದಾದವು. ಕುಕ್ಕರ್, ಮಿಕ್ಸಿ, ಮೇಲಿನ ಮನೆಯ ಮಕ್ಕಳ ಓಟ, ಹೋಟೆಲಿಗೆ ಬೀಗ ಬಿದ್ದು ಮನೆಯಲ್ಲಿ ಕುಳಿತ ಅಣ್ಣನ ನಿಟ್ಟುಸಿರು. ಒಂದು ಕೋಣೆ, ಒಂದು ಹಾಲ್, ಮೂವರು ಜನ, ನನ್ನ ಅರ್ಧ ಸಂಬಳ. ಆ ವರ್ಷ ಬಂದ ಐದು ಆಲ್ಬಮ್‌ಗಳನ್ನು ನಾನು ಮತ್ತೆ ಮತ್ತೆ ಕೇಳಿ ತೂಗಿ ನೋಡಿದೆ. ಪರೀಕ್ಷೆ ಒಂದೇ: ಈ ಗದ್ದಲದಲ್ಲಿ ಯಾವುದು ನಿಲ್ಲುತ್ತದೆ?

ಮಾರ್ಚ್ 22ರ ಸಂಜೆ ಐದಕ್ಕೆ ಇಡೀ ಕಟ್ಟಡ ಬಾಲ್ಕನಿಗೆ ಬಂದು ತಟ್ಟೆ, ಜಾಗಟೆ ಬಡಿದಿತ್ತು. ಅಮ್ಮನ ಕೈಯಲ್ಲಿ ಸ್ಟೀಲ್ ತಟ್ಟೆ ಮತ್ತು ದೋಸೆ ಸಟ್ಟುಗ. ಅದಾದ 26ನೇ ದಿನ, ಏಪ್ರಿಲ್ 17ಕ್ಕೆ, ಅಮೆರಿಕದ ಗಾಯಕಿ ಫಿಯೋನಾ ಆಪಲ್ ಎಂಟು ವರ್ಷಗಳ ನಂತರ ‘ಫೆಚ್ ದ ಬೋಲ್ಟ್ ಕಟರ್ಸ್’ ಹೊರತಂದಳು. ಬೀಗ ಕತ್ತರಿಸುವ ಇಕ್ಕಳ ತನ್ನಿ ಎಂದು ಹೆಸರಿನಲ್ಲೇ ಕೇಳುವ ಆಲ್ಬಮ್, ಅದೂ ಲಾಕ್‌ಡೌನ್‌ನ ನಡುವೆ! ಲಾಸ್ ಏಂಜಲೀಸ್‌ನ ವೆನಿಸ್ ಬೀಚ್‌ನಲ್ಲಿರುವ ತನ್ನ ಮನೆಯಲ್ಲೇ ಹೆಚ್ಚಿನ ಧ್ವನಿಮುದ್ರಣ ಮಾಡಿದ್ದಳು. ಗೋಡೆ, ನೆಲ, ಮನೆಯ ಸಾಮಾನು ಎಲ್ಲವೂ ಅಲ್ಲಿ ತಾಳವಾದ್ಯ. ಸತ್ತುಹೋದ ನಾಯಿಯ ಮೂಳೆಗಳನ್ನೂ ಬಿಟ್ಟಿಲ್ಲ. ಶೀರ್ಷಿಕೆ ಗೀತೆಯ ಕೊನೆಯಲ್ಲಿ ಬದುಕಿರುವ ನಾಯಿಗಳು ಬೊಗಳುತ್ತವೆ. ಚಿಕ್ಕ ಸ್ಪೀಕರಿನಲ್ಲಿ ಹಾಕಿದ ಮೊದಲ ದಿನ ಅಮ್ಮ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದಳು. ಕುಕ್ಕರ್ ಕೂಗಿದರೂ, ಮಿಕ್ಸಿ ಅರಚಿದರೂ ಈ ಆಲ್ಬಮ್ ಕೆಡಲಿಲ್ಲ. ಅವನ್ನೂ ಮೇಳಕ್ಕೆ ಸೇರಿಸಿಕೊಂಡಿತು.

ಹಾಗಿದ್ದೂ ಪೂರ್ತಿ ಕೇಳಿದ್ದು ವರ್ಷದಲ್ಲಿ ಆರೋ ಏಳೋ ಸಲ. ಪಾತ್ರೆ ತೊಳೆಯುತ್ತ ಕೇಳಲು ಕುಳಿತರೆ, ಅಂದರೆ ನಿಂತರೆ, ಪಾತ್ರೆ ಅಲ್ಲೇ ಉಳಿಯುತ್ತದೆ. ಫಿಯೋನಾ ಬೈಯತೊಡಗಿದಾಗ ನನಗೂ ಯಾರನ್ನಾದರೂ ಬೈಯಬೇಕೆನ್ನಿಸುತ್ತದೆ. ಕೈಗೆ ಸಿಗುತ್ತಿದ್ದವನು ಅಣ್ಣನೊಬ್ಬನೇ.

ಫಿಯೋನಾಳ ಆಲ್ಬಮ್‌ಗಿಂತ ಒಂದು ವಾರ ಮೊದಲು ಬಂದ ಸ್ಟ್ರೋಕ್ಸ್ ರಾಕ್ ತಂಡದ ‘ದಿ ನ್ಯೂ ಅಬ್‌ನಾರ್ಮಲ್’ ಬೇರೆಯೇ ಕೆಲಸಕ್ಕೆ ಒದಗಿತು. ಒಂಬತ್ತು ಹಾಡು, 45 ನಿಮಿಷ. ಟೆರೇಸಿನಲ್ಲಿ ನಾನು ನಡೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಅಳೆದು ಕೊಟ್ಟಂತೆ. ಹೆಸರು ನೋಡಿದರೆ ಆ ವರ್ಷಕ್ಕೆಂದೇ ಇಟ್ಟದ್ದು ಎನ್ನಬೇಕು, ಆದರೆ ಸೋಂಕು ಹರಡುವ ಮೊದಲೇ ಇಟ್ಟ ಹೆಸರದು. ನನ್ನ ಇಯರ್‌ಫೋನಿನ ಎಡಗಿವಿ ಸತ್ತುಹೋಗಿದ್ದೂ ಆಗಲೇ. ಅಂಗಡಿಗಳು ಮುಚ್ಚಿದ್ದವು. ಮೂರು ವಾರ ಬಲಗಿವಿಯಲ್ಲಿ ಮಾತ್ರ ಕೇಳಿದೆ. ಸ್ಟ್ರೋಕ್ಸ್ ತಂಡದ ಎರಡು ಗಿಟಾರ್‌ಗಳಲ್ಲಿ ಒಂದು ತೆಳುವಾಯಿತು, ಇನ್ನೊಂದು ಮುಂದೆ ಬಂದು ನಿಂತಿತು. ಸುಳ್ಳು ಹೇಳಬಾರದು, ಹಾಗೆಯೇ ಚೆನ್ನಾಗಿತ್ತು. ಡ್ರಮ್ಮೇ ಇಲ್ಲದ ‘ಅಟ್ ದ ಡೋರ್’ ಬಂದಾಗ ಮಾತ್ರ ನನ್ನ ಹೆಜ್ಜೆ ತಪ್ಪುತ್ತಿತ್ತು.

ಅದೇ ಒಂದು ಕಿವಿಯಲ್ಲಿ ಟೇಮ್ ಇಂಪಾಲಾದ ‘ದಿ ಸ್ಲೋ ರಶ್’ ಪೂರ್ತಿ ಸೋತಿತು. ಟೇಮ್ ಇಂಪಾಲಾ ಎಂಬ ಹೆಸರಿನ ಹಿಂದಿರುವ ಕೆವಿನ್ ಪಾರ್ಕರ್ ಒಬ್ಬನೇ ಬರೆದು, ನುಡಿಸಿ, ಮಿಕ್ಸ್ ಮಾಡಿದ ಆಲ್ಬಮ್; ಎರಡು ಕಿವಿಗೂ ಕೆಲಸ ಕೊಡದಿದ್ದರೆ ಅದು ಹೋಟೆಲಿನ ಕೂಲರಿನಂತೆ ಬರೀ ಗುಂಯ್‌ಗುಟ್ಟುತ್ತದೆ. ಅಣ್ಣನಿಗೆ ಮಾತ್ರ ಐದರಲ್ಲಿ ಇದೇ ಮೇಲು. ನಮೀಬಿಯಾದ ಕೋಲ್‌ಮನ್‌ಸ್ಕೋಪ್ ಎಂಬ ಪಾಳುಬಿದ್ದ ಊರಿನಲ್ಲಿ ತೆಗೆದ ಮುಖಪುಟದ ಚಿತ್ರವನ್ನು, ಮರಳು ನುಗ್ಗಿದ ಆ ಕೋಣೆಯನ್ನು, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ. “ನಮ್ಮ ಹೋಟೆಲಿನ ಒಳಗೂ ಈಗ ಹೀಗೇ ಇರಬೇಕು ನೋಡು,” ಎಂದ.

ಗಾಯಕಿ ಫೀಬಿ ಬ್ರಿಜರ್ಸ್‌ಳ ‘ಪನಿಶರ್’ ಜೂನ್ 18ಕ್ಕೆ ಬಂತು. ಇದು ಮೌನವನ್ನು ಬಾಡಿಗೆ ಕೇಳುವ ಆಲ್ಬಮ್. ಪಿಸುಗುಟ್ಟಿದಂತೆ ಹಾಡುತ್ತಾಳೆ, ಒಗ್ಗರಣೆ ಚಟಪಟ ಎಂದರೂ ಒಂದು ಸಾಲು ಹೋಯಿತು. ರಾತ್ರಿ ಒಂದು ಗಂಟೆಗೆ, ಹೊಸ ಇಯರ್‌ಫೋನ್ ಬಂದ ಮೇಲೆ, ಅದರ ಬೆಲೆ ತಿಳಿಯಿತು. ಆಗಸ್ಟ್‌ನಲ್ಲಿ ಕುಂದಾಪುರದಲ್ಲಿ ದೊಡ್ಡಪ್ಪ ತೀರಿಕೊಂಡರು. ಹೋಗಲಾಗಲಿಲ್ಲ, ಉತ್ತರಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿದೆವು. ಆ ರಾತ್ರಿ ‘ಪನಿಶರ್’ ಹಾಕಿದೆ, ಮೂರನೆಯ ಹಾಡಿಗೆ ನಿಲ್ಲಿಸಿದೆ. ಹಾಡುಗಳು ಚೆನ್ನಾಗಿಲ್ಲವೆಂದಲ್ಲ. ಅಲ್ಲಿ ಆಕೆಯ ದುಃಖವೇ ಕೋಣೆ ತುಂಬ ಕುಳಿತಿತ್ತು, ನನ್ನದನ್ನು ಇಡಲು ಜಾಗ ಕಾಣಲಿಲ್ಲ.

ಆ ಜಾಗ ‘ಷೋರ್’ನಲ್ಲಿ ಸಿಕ್ಕಿತು. ಫ್ಲೀಟ್ ಫಾಕ್ಸಸ್ ತಂಡದ ಈ ಆಲ್ಬಮ್ ಸೆಪ್ಟೆಂಬರ್ 22ರಂದು ಹಗಲಿರುಳು ಸಮನಾಗುವ ಕ್ಷಣಕ್ಕೆ ಸರಿಯಾಗಿ ಬಿಡುಗಡೆಯಾಯಿತು. ನಮ್ಮ ಗಡಿಯಾರದಲ್ಲಿ ಸಂಜೆ 7 ಗಂಟೆ 1 ನಿಮಿಷ. ಅಮ್ಮ ದೀಪ ಹಚ್ಚುವ ಹೊತ್ತು. ಅಧಿಕ ಮಾಸದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎಂದು ಆಕೆ ಗೊಣಗಿದಳು. ಗಾಯಕ ರಾಬಿನ್ ಪೆಕ್ನೋಲ್ಡ್ ಆ ಬೇಸಿಗೆಯಲ್ಲಿ ಕಾರು ಓಡಿಸುತ್ತ ಇದರ ಸಾಹಿತ್ಯ ಹೊಸೆದನಂತೆ. ಹಾಡುಗಳಲ್ಲೂ ತೆರೆದ ಕಿಟಕಿಯ ಗಾಳಿ ಇದೆ. ಎರಡನೆಯ ಹಾಡು ‘ಸನ್‌ಬ್ಲೈಂಡ್’ನಲ್ಲಿ ಆತ ತೀರಿಹೋದ ಸಂಗೀತಗಾರರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಏಪ್ರಿಲ್‌ನಲ್ಲಿ ಕೋವಿಡ್‌ಗೆ ಬಲಿಯಾದ ಜಾನ್ ಪ್ರೈನ್ ಅದರಲ್ಲಿದ್ದಾನೆ. ಎಲಿಯಟ್ ಸ್ಮಿತ್ ಕೂಡ ಇದ್ದಾನೆ. ‘ಪನಿಶರ್’ನ ಶೀರ್ಷಿಕೆ ಗೀತೆ ಅವನನ್ನೇ ಕುರಿತದ್ದು. ಅಲ್ಲಿ ಅವನು ಕಾಡುವ ನೆರಳು, ಇಲ್ಲಿ ಎಡೆಯಿಟ್ಟು ಕರೆಯುವ ಹಿರಿಯ. ದೊಡ್ಡಪ್ಪನ ಹೆಸರನ್ನೂ ಆ ಪಟ್ಟಿಗೆ ಸೇರಿಸಿ ಹಾಡಿ ನೋಡಿದೆ. ಅಕ್ಷರ ಹೆಚ್ಚಾಗಿ ರಾಗಕ್ಕೆ ಕೂರಲಿಲ್ಲ. ಆ ರಾತ್ರಿ ಮುಂಬೈ ಮುಳುಗುವಂತೆ ಮಳೆ ಸುರಿಯಿತು, ಆಲ್ಬಮ್ ಮತ್ತೆ ಮೊದಲಿನಿಂದ ಓಡುತ್ತಿತ್ತು. ಹದಿನೈದು ಹಾಡುಗಳಲ್ಲಿ ನಡುವಿನ ನಾಲ್ಕೈದು ಒಂದರೊಳಗೊಂದು ಕಲಸಿಹೋಗುತ್ತವೆ ಎಂಬುದು ನಿಜ. ಆ ಹೊತ್ತಿಗೆ ನನ್ನ ಪಾತ್ರೆ ತೊಳೆದು ಮುಗಿದಿರುತ್ತದೆ. ಮನೆಯಲ್ಲಿ ಇವತ್ತಿಗೂ ಹೆಚ್ಚು ಕೇಳುವುದು ಇದನ್ನೇ.

2021ರ ಫೆಬ್ರುವರಿ 1ಕ್ಕೆ ಲೋಕಲ್ ಎಲ್ಲರಿಗೂ ತೆರೆಯಿತು. ಬಾಗಿಲ ಬಳಿ ನೇತಾಡುವ ಗದ್ದಲದಲ್ಲಿ ‘ಷೋರ್’ ಠಾಣೆಗೆ ಮುನ್ನವೇ ಕರಗಿಹೋಯಿತು, ಸ್ಟ್ರೋಕ್ಸ್ ದಾದರ್‌ವರೆಗೂ ಗಟ್ಟಿಯಾಗಿ ನಿಂತಿತು. ‘ಪನಿಶರ್’ಗೂ ಒಂದು ಉಪಕಾರವಾಗಿದೆ. ಅದರ ಕೊನೆಯ ಹಾಡು ಚೀರಾಟದಲ್ಲಿ ಮುಗಿಯುತ್ತದೆ. ಒಮ್ಮೆ ಸ್ಪೀಕರಿನಲ್ಲಿ ಹಾಕಿದ್ದಾಗ ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಅಣ್ಣನನ್ನು ಅಲುಗಾಡಿಸಿದ್ದಳು. ಹಾಡು ಸುಮಾರು ಐದೂಮುಕ್ಕಾಲು ನಿಮಿಷದ್ದು. ಈಗ ಹತ್ತರ ನಂತರದ ಫಾಸ್ಟ್ ಲೋಕಲ್‌ಗೆ ಐದು ನಿಮಿಷ ಇದೆ ಎನ್ನುವಾಗ ಶುರು ಮಾಡುತ್ತೇನೆ. ರೈಲು ತಡವಾಗದಿದ್ದರೆ ಚೀರಾಟ ಅದರ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಅಮ್ಮ ಫೋನಿನಲ್ಲಿ ಮಾತು ನಿಲ್ಲಿಸಿ ಕಾಯುತ್ತಿರುತ್ತಾಳೆ.