ವಿ-2 ಮಾಡೋದಾ, ಆರ್-7 ಮಾಡೋದಾ?

ವಿಜ್ಞಾನ ಪ್ರದರ್ಶನಕ್ಕೆ ಹಳೇ ರಾಕೆಟ್ಟಿನ ಮಾದರಿ ಮಾಡಬೇಕು ಅಂದುಕೊಂಡವರು ಕೊನೆಗೆ ಬಂದು ನಿಲ್ಲೋದು ಈ ಎರಡರ ಮುಂದೆ.

ಕೈಕೆಲಸಕ್ಕೆ ಜರ್ಮನಿಯ ವಿ-2 ಸುಲಭ: ಒಂದು ಕೊಳವೆ, ಚೂಪು ಮೂತಿ, ನಾಲ್ಕು ರೆಕ್ಕೆ. ನಿಜವಾದದ್ದು 14 ಮೀಟರ್ ಎತ್ತರ, ಒಂದೇ ಎಂಜಿನ್. ಇಂಧನ ನೀರು ಬೆರೆಸಿದ ಆಲ್ಕೋಹಾಲ್, ಜೊತೆಗೆ ದ್ರವ ಆಮ್ಲಜನಕ. ಬೆಂಕಿ ಉಗುಳುವ ಬಾಯಿಯಲ್ಲೇ ನಾಲ್ಕು ಗ್ರಾಫೈಟ್ ಹಲಗೆಗಳು. ಅವನ್ನು ತಿರುಗಿಸಿಯೇ ದಿಕ್ಕು ಹಿಡಿಯುತ್ತಿದ್ದರು. ಇದನ್ನು ಮಾದರಿಯಲ್ಲಿ ತೋರಿಸಿದರೆ ನೋಡುವವರು ಖಂಡಿತ ನಿಲ್ಲುತ್ತಾರೆ. ಆದರೆ 1944ರಲ್ಲಿ ಲಂಡನ್ ಮೇಲೆ ಬಿದ್ದದ್ದೂ ಇದೇ. ಕಟ್ಟಿದವರು ಮಿಟೆಲ್‌ವೆರ್ಕ್ ಎಂಬ ನಾಜಿಗಳ ಸುರಂಗ ಕಾರ್ಖಾನೆಯ ಕೈದಿಗಳು. ಸಾವಿರಾರು ಮಂದಿ ಅಲ್ಲೇ ಸತ್ತರು. ಅದನ್ನು ಫಲಕದಲ್ಲಿ ಬರೆಯದೆ ಬರೀ ರಾಕೆಟ್ ನಿಲ್ಲಿಸುವುದಾದರೆ ಇದನ್ನು ಆರಿಸಲೇಬೇಡಿ.

ಸೋವಿಯತ್ ಆರ್-7 ಹುಟ್ಟಿದ್ದೂ ಕ್ಷಿಪಣಿಯಾಗಿಯೇ. ನಡುವಿನ ಕಂಬಕ್ಕೆ ನಾಲ್ಕು ಬದಿಯಲ್ಲಿ ಕ್ಯಾರೆಟ್ ಆಕಾರದ ಬೂಸ್ಟರುಗಳು (ಮೇಲೇರಲು ಬಲ ಕೊಡುವ ಪಕ್ಕದ ರಾಕೆಟ್‌ಗಳು), ಬುಡದಲ್ಲಿ 20 ಮುಖ್ಯ ನಳಿಕೆ. ಅಂಟಿಸುವಾಗ ತಾಳ್ಮೆ ಬೇಕು, ನಾಲ್ಕರಲ್ಲಿ ಒಂದು ವಾಲಿದರೂ ಎದ್ದು ಕಾಣುತ್ತದೆ. ಇಂಧನ ಸೀಮೆಎಣ್ಣೆಯ ಜಾತಿಯದ್ದು. 1957ರ ಅಕ್ಟೋಬರ್ 4ರಂದು ಮೊದಲ ಕೃತಕ ಉಪಗ್ರಹ, 83.6 ಕಿಲೋ ತೂಕದ ಸ್ಪುಟ್ನಿಕ್ ಹೊತ್ತದ್ದು ಇದೇ. 1961ರಲ್ಲಿ ಮೊದಲ ಗಗನಯಾತ್ರಿ ಗಗಾರಿನ್ ಏರಿದ್ದು ಇದರದೇ ಮುಂದಿನ ರೂಪವನ್ನು. ಇಂದಿನ ಸೊಯುಜ್ ರಾಕೆಟ್ ಕೂಡ ಇದೇ ವಂಶ.

ಎರಡು ದಿನವಷ್ಟೇ ಇದ್ದರೆ ವಿ-2. ವಾರ ಸಿಕ್ಕರೆ ನನ್ನ ಓಟು ಆರ್-7ಕ್ಕೆ.